“ನಾನೇನು ಅವಳ ಅತ್ತೆಯೇ?”: 2024ರ ಬೈದು ಪ್ರಕರಣವನ್ನು ಬಿಡಿಸಿ ನೋಡಿದಾಗ

ಬೀಜಿಂಗಿನ ಬೈದು (ಚೀನಾದ ದೊಡ್ಡ ಹುಡುಕುಯಂತ್ರ) ಕಂಪನಿಯ ಉಪಾಧ್ಯಕ್ಷೆ, ಸಾರ್ವಜನಿಕ ಸಂಪರ್ಕ ವಿಭಾಗದ ಮುಖ್ಯಸ್ಥೆ ಚ್ಯೂ ಜಿಂಗ್ 2024ರ ಮೇ ಆರಂಭದಲ್ಲಿ ಡೌಯಿನ್‌ನಲ್ಲಿ ಕೆಲವು ಚುಟುಕು ವಿಡಿಯೊಗಳನ್ನು ಹಾಕಿದರು. ಡೌಯಿನ್ ಎಂದರೆ ಚೀನಾದೊಳಗಿನ ಟಿಕ್‌ಟಾಕ್. ಕೆಲವೇ ದಿನಗಳಲ್ಲಿ ದೇಶವೆಲ್ಲ ಆ ಮಾತುಗಳ ಮೇಲೆ ಮುಗಿಬಿತ್ತು. 9ನೇ ತಾರೀಕು ಅವರು ಕ್ಷಮೆ ಕೇಳಿದರು, ಹಿಂದೆಯೇ ಕಂಪನಿ ಬಿಟ್ಟರೆಂಬ ಸುದ್ದಿಯೂ ಬಂತು. ಚೀನಾದ ಉದ್ಯಮದಲ್ಲಿ ಹೆಣ್ಣೊಬ್ಬಳು ಏನು ತೆತ್ತು ಮೇಲೇರುತ್ತಾಳೆ, ಏರಿದ ಮೇಲೆ ಆ ಬೆಲೆಯನ್ನು ಯಾರಿಂದ ವಸೂಲು ಮಾಡುತ್ತಾಳೆ ಎಂಬುದನ್ನು ಇಷ್ಟು ಬಿಚ್ಚಿಟ್ಟ ಪ್ರಕರಣ ಇನ್ನೊಂದು ಸಿಗುವುದು ಕಷ್ಟ.

ಚ್ಯೂ ಮೊದಲು ಶಿನ್ಹುವಾ ಸುದ್ದಿಸಂಸ್ಥೆಯ ಪತ್ರಕರ್ತೆ. ಆಮೇಲೆ ಹುವಾವೆ, 2021ರಲ್ಲಿ ಬೈದು. ಅಂದರೆ ಮಾತಿನ ತೂಕ ಗೊತ್ತಿಲ್ಲದೆ ಬಾಯಿಬಿಟ್ಟವರಲ್ಲ, ಮಾತೇ ಅವರ ಕಸುಬು.

ವಿಡಿಯೊಗಳಲ್ಲಿದ್ದ ಮಾತುಗಳನ್ನು ಒಂದೊಂದಾಗಿ ಎತ್ತಿಟ್ಟುಕೊಳ್ಳಬೇಕು, ಏಕೆಂದರೆ ಗಲಾಟೆಯಲ್ಲಿ ಎಲ್ಲವೂ ಕಲಸುಮೇಲೋಗರವಾಯಿತು. ಕೋವಿಡ್ ನಿರ್ಬಂಧಗಳ ಕಾಲದಲ್ಲಿ 50 ದಿನಗಳ ಕೆಲಸದ ಪ್ರವಾಸಕ್ಕೆ ಬರಲು ಒಪ್ಪದ ಒಬ್ಬ ಉದ್ಯೋಗಿಯ ವಿಷಯ ಒಂದು. ಅವಳ ಸಂಸಾರದ ಚಿಂತೆ ನಾನೇಕೆ ಮಾಡಲಿ, ನಾನೇನು ಅವಳ ಅತ್ತೆಯೇ ಎಂದು ಚ್ಯೂ ಕೇಳಿದರು. ನಿನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವಳು ನಾನು, ಎರಡು ಮಕ್ಕಳ ತಾಯಿ, ನನಗಾಗದ ದಣಿವು ನಿನಗೇಕೆ, ಗಂಡನಿಗೆ ತಡೆಯಲಾಗುತ್ತಿಲ್ಲ ಎನ್ನಲು ನೀನಾರು ಎಂಬರ್ಥದ ಮಾತೂ ಅದರ ಜೊತೆಗಿತ್ತು. ಸಂಪರ್ಕ ವಿಭಾಗದಲ್ಲಿದ್ದವರು ವಾರಾಂತ್ಯದ ರಜೆಯ ಆಸೆ ಇಟ್ಟುಕೊಳ್ಳಬಾರದು, ಫೋನು 24 ಗಂಟೆಯೂ ಚಾಲೂ ಇರಬೇಕು ಎಂಬುದು ಎರಡನೆಯದು. ತನ್ನ ಮೇಲೆ ದೂರು ಹೇಳಿದವರಿಗೆ ಈ ಕ್ಷೇತ್ರದಲ್ಲೇ ಕೆಲಸ ಸಿಗದಂತೆ ಮಾಡುವ ಬೆದರಿಕೆ ಮೂರನೆಯದು. ನಾಲ್ಕನೆಯದು ತಮ್ಮ ಬಗ್ಗೆಯೇ ಹೇಳಿಕೊಂಡದ್ದು: ಕೆಲಸದ ಭರದಲ್ಲಿ ದೊಡ್ಡ ಮಗನ ಹುಟ್ಟುಹಬ್ಬ ಮರೆತೆ, ಚಿಕ್ಕವನು ಎಷ್ಟನೇ ತರಗತಿ ಎಂಬುದೂ ಮರೆತುಹೋಗಿತ್ತು, ಆದರೂ ವಿಷಾದವಿಲ್ಲ, ವೃತ್ತಿಯ ದಾರಿ ನಾನೇ ಆರಿಸಿಕೊಂಡದ್ದು.

ಜನ ಹೆಚ್ಚು ಕೆರಳಿದ್ದು ಮೊದಲ ಮೂರಕ್ಕೆ. ನಮ್ಮ ಕಣ್ಣಿಗೆ ಪ್ರಕರಣದ ಕೀಲಿ ಇರುವುದು ನಾಲ್ಕನೆಯದರಲ್ಲಿ.

ಐವತ್ತು ದಿನ ಎಂದರೆ ಎಷ್ಟು

ಒಪ್ಪದ ಆ ಉದ್ಯೋಗಿಯ ಕಡೆಯಿಂದ ಲೆಕ್ಕ ಹಾಕೋಣ. ಅವಳಿಗೆ ಮಕ್ಕಳಿದ್ದರೋ ಇಲ್ಲವೋ ವಿಡಿಯೊದಿಂದ ತಿಳಿಯುವುದಿಲ್ಲ, ಗಂಡನಿದ್ದ ಎಂಬುದಷ್ಟೇ ಗೊತ್ತು. ಹಾಗಾಗಿ ಇದು ಅವಳೊಬ್ಬಳ ಲೆಕ್ಕವಲ್ಲ, ಅವಳ ಜಾಗದಲ್ಲಿ ನಿಲ್ಲುವ ಯಾರದೇ ಆಗಬಹುದು.

ಚೀನಾದ ಕಾನೂನಿನಂತೆ ವಾರಕ್ಕೆ 40 ಗಂಟೆ ಕೆಲಸ. ಓವರ್‌ಟೈಮ್ ಸಾಮಾನ್ಯವಾಗಿ ದಿನಕ್ಕೆ 1 ಗಂಟೆ, ವಿಶೇಷ ಸಂದರ್ಭದಲ್ಲಿ 3 ಗಂಟೆ, ಏನೇ ಆದರೂ ತಿಂಗಳಿಗೆ 36 ಗಂಟೆ ಮೀರಬಾರದು. ಟೆಕ್ ಕಂಪನಿಗಳಲ್ಲಿ ರೂಢಿಯಾದ ‘996’, ಅಂದರೆ ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, ಒಟ್ಟು 72 ಗಂಟೆ. ಊಟ ತಿಂಡಿಗೆ ದಿನಕ್ಕೆರಡು ಗಂಟೆ ಕಳೆದರೂ 60 ಉಳಿಯಿತು. ವಾರಕ್ಕೆ 20 ಗಂಟೆ ಹೆಚ್ಚುವರಿ, ತಿಂಗಳಿಗೆ ಸುಮಾರು 86. ಮಿತಿಯ ಎರಡು ಪಟ್ಟಿಗೂ ಮಿಗಿಲು.

ಇದಕ್ಕೆ ಮನೆಗೆಲಸ ಸೇರಿಸಿ. ಚೀನಾದ ರಾಷ್ಟ್ರೀಯ ಅಂಕಿಅಂಶ ಇಲಾಖೆ 2018ರಲ್ಲಿ ನಡೆಸಿದ ಸಮೀಕ್ಷೆಯಂತೆ ಹೆಂಗಸರು ಸಂಬಳವಿಲ್ಲದ ಕೆಲಸಕ್ಕೆ ದಿನಕ್ಕೆ ಸರಾಸರಿ 3 ಗಂಟೆ 48 ನಿಮಿಷ ಕೊಡುತ್ತಾರೆ, ಗಂಡಸರು 1 ಗಂಟೆ 32 ನಿಮಿಷ. ದಿನಕ್ಕೆ 2 ಗಂಟೆ 16 ನಿಮಿಷದ ವ್ಯತ್ಯಾಸ. ವಾರಕ್ಕೆ ಹೊರಳಿಸಿದರೆ ಹತ್ತಿರ ಹತ್ತಿರ 16 ಗಂಟೆ, ಎಂದರೆ ಎರಡು ಪೂರ್ತಿ ಕಚೇರಿ ದಿನ. ಇದು ದೇಶದ ಸರಾಸರಿ, ದೊಡ್ಡ ಸಂಬಳದವರು ಮನೆಗೆಲಸದವರನ್ನು ಇಟ್ಟುಕೊಂಡು ಸ್ವಲ್ಪ ಇಳಿಸಿಕೊಳ್ಳುತ್ತಾರೆ. ಆದರೆ ಮಗುವಿಗೆ ಜ್ವರ ಬಂದರೆ ಶಾಲೆಯಿಂದ ಫೋನು ಬರುವುದು ಅಮ್ಮನಿಗೇ.

ಹಾಗಾದರೆ ಈವರೆಗೆ ಮನೆ ನಡೆದದ್ದು ಹೇಗೆ? ಅಜ್ಜಿಯರಿಂದ. 2024ರ ಕೊನೆಯವರೆಗೆ ಕಾರ್ಮಿಕ ಹುದ್ದೆಯ ಹೆಂಗಸರಿಗೆ 50ಕ್ಕೆ, ಅಧಿಕಾರಿ ದರ್ಜೆಯವರಿಗೆ 55ಕ್ಕೆ, ಗಂಡಸರಿಗೆ 60ಕ್ಕೆ ನಿವೃತ್ತಿಯಾಗುತ್ತಿತ್ತು. ಐವತ್ತಕ್ಕೆ ಬಿಡುವಾದ ಅಮ್ಮನೋ ಅತ್ತೆಯೋ ಮೊಮ್ಮಗುವನ್ನು ನೋಡಿಕೊಂಡದ್ದರಿಂದ ಸೊಸೆ ರಾತ್ರಿ ಒಂಬತ್ತರವರೆಗೆ ಆಫೀಸಿನಲ್ಲಿರಲು ಸಾಧ್ಯವಾಯಿತು. ಒಂದು ಪೀಳಿಗೆಯ ಹೆಂಗಸರು ಬೇಗ ಮನೆ ಸೇರಿದ್ದರಿಂದ ಮುಂದಿನ ಪೀಳಿಗೆಯವರ ಓವರ್‌ಟೈಮ್ ನಡೆಯಿತು ಎನ್ನಬಹುದು. ಕೋವಿಡ್ ಕಾಲದಲ್ಲಿ ಈ ಏರ್ಪಾಡು ಕುಸಿಯಿತು. ಊರಿಂದೂರಿಗೆ ಓಡಾಟಕ್ಕೆ ತಡೆ, ಹೋದಲ್ಲಿ ಕ್ವಾರಂಟೈನ್, ಶಾಲೆ ಮನೆಯೊಳಗಿನ ಪರದೆಯ ಮೇಲೆ. ಬೇರೆ ಪ್ರಾಂತದಲ್ಲಿದ್ದ ಅಜ್ಜಿ ಬರುವಂತಿಲ್ಲ. ಇದರ ಮೇಲೆ ಒಂಟಿ ಮಕ್ಕಳ ಪೀಳಿಗೆ: 1980ರ ಸುಮಾರಿಗೆ ಬಂದ ಒಂದೇ ಮಗುವಿನ ನಿಯಮ 2015ರ ಕೊನೆಯವರೆಗೆ ನಡೆಯಿತು. ಅದರಡಿ ಹುಟ್ಟಿದ ಗಂಡಹೆಂಡತಿಗೆ ನಾಲ್ವರು ಹಿರಿಯರ ಜವಾಬ್ದಾರಿ, ಹಂಚಿಕೊಳ್ಳಲು ಅಣ್ಣತಮ್ಮ ಅಕ್ಕತಂಗಿ ಇಲ್ಲ.

ಆ ದಿನಗಳಲ್ಲಿ ಐವತ್ತು ದಿನ ಬೇರೂರಿಗೆ ಹೋಗು ಎನ್ನುವುದು ಸೂಟ್‌ಕೇಸು ಕಟ್ಟುವ ಮಾತಾಗಿರಲಿಲ್ಲ. ಮುಂದೆಯೂ ಈ ಆಸರೆ ಸಡಿಲವಾಗಲಿದೆ: 2025ರ ಜನವರಿಯಿಂದ ಹಂತಹಂತವಾಗಿ, 15 ವರ್ಷಗಳಲ್ಲಿ, ನಿವೃತ್ತಿ ವಯಸ್ಸು ಹೆಂಗಸರಿಗೆ 55 ಮತ್ತು 58ಕ್ಕೆ, ಗಂಡಸರಿಗೆ 63ಕ್ಕೆ ಏರುತ್ತದೆ. ಅಜ್ಜಿಯೂ ಡ್ಯೂಟಿಯಲ್ಲೇ ಇರುತ್ತಾಳೆ.

ಮೇಲಿನವಳು ಕಲಿತ ಪಾಠ

ವಿಡಿಯೊ ನೋಡಿ ಯಾರಿಗೂ ಬರ್ನ್‌ಔಟ್ ಎಂದು ಚೀಟಿ ಬರೆಯಲಾಗದು, ಬರೆಯಬಾರದು ಕೂಡ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗವೆಂದು ಪರಿಗಣಿಸುವುದಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎನ್ನುತ್ತದೆ. ಮೂರು ಗುರುತು ಕೊಡುತ್ತದೆ: ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಸಿನಿಕತನ ಬೆಳೆಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಮಾಪನಕ್ಕೆ ಹೆಚ್ಚು ಬಳಕೆಯಲ್ಲಿರುವ ಮಾಸ್ಲಾಕ್ ಪ್ರಶ್ನಾವಳಿಯ ಮೂಲ ರೂಪದಲ್ಲಿ 22 ಪ್ರಶ್ನೆಗಳಿವೆ. ಅದರಲ್ಲಿ 5 ಎದುರಿನ ಮನುಷ್ಯನನ್ನು ಮನುಷ್ಯನಾಗಿ ಕಾಣದೆ ವಸ್ತುವಿನಂತೆ ಕಾಣುವ ಪ್ರವೃತ್ತಿಯನ್ನು ಅಳೆಯುತ್ತವೆ. ತಂಡದ ಮುಖ್ಯಸ್ಥರಲ್ಲಿ ಮೊದಲು ಹೊರಬೀಳುವುದು ಇದೇ ಇರಬಹುದು. ಬಳಲಿದ ಮ್ಯಾನೇಜರ್ ಅಳುವುದಿಲ್ಲ, ರಜೆ ಹಾಕುವುದಿಲ್ಲ. ಕೈಕೆಳಗಿನವರ ಕಷ್ಟ ಕೇಳಿದರೆ ಮೈ ಉರಿಯುತ್ತದೆ, ಅಷ್ಟೇ. ಸಂಖ್ಯೆಗಳೆಲ್ಲ ಚೆನ್ನಾಗಿಯೇ ಇರುವುದರಿಂದ ಕಂಪನಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಮಗನ ಹುಟ್ಟುಹಬ್ಬ ಮರೆತದ್ದನ್ನು ಚ್ಯೂ ತಪ್ಪೊಪ್ಪಿಗೆಯಾಗಿ ಹೇಳಲಿಲ್ಲ, ಅರ್ಹತಾಪತ್ರದಂತೆ ತೋರಿಸಿದರು. ಈ ಅಚ್ಚು ಅವರು ಎರೆದದ್ದಲ್ಲ. ಜುಹಾಯ್ ನಗರದಲ್ಲಿ ಏರ್ ಕಂಡಿಷನರ್ ತಯಾರಿಸುವ ಗ್ರೀ ಎಲೆಕ್ಟ್ರಿಕ್ ಕಂಪನಿಯ ದೋಂಗ್ ಮಿಂಗ್‌ಜು ಅವರನ್ನು ನೋಡಿ. ಗಂಡ ತೀರಿಕೊಂಡ ಮೇಲೆ ಚಿಕ್ಕ ಮಗನನ್ನು ಅವನ ಅಜ್ಜಿಯ ಬಳಿ ಬಿಟ್ಟು ದಕ್ಷಿಣಕ್ಕೆ ಬಂದರು, 1990ರಲ್ಲಿ 36ನೇ ವಯಸ್ಸಿಗೆ ಮಾರಾಟಗಾರ್ತಿಯಾಗಿ ಸೇರಿದರು, 2012ರಲ್ಲಿ ಅಧ್ಯಕ್ಷೆಯಾದರು. ಅವರ ಬಗ್ಗೆ ಬರೆದ ಹಲವರು ರಜೆಯೇ ತೆಗೆದುಕೊಳ್ಳದ ಹೆಣ್ಣು ಎಂದು ಹೊಗಳಿ ಬರೆದರು. ಆ ಪೀಳಿಗೆಗೆ ಮನೆಯನ್ನು ಹಿಂದೆ ಬಿಟ್ಟದ್ದು ಕೆಲಸದ ಮೇಲಿನ ನಿಷ್ಠೆಗೆ ಸಾಕ್ಷಿ. ಕುತೂಹಲದ ಸಂಗತಿಯೆಂದರೆ ಗಂಡಸಿನಿಂದ ಈ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಮಗ ಎಷ್ಟನೇ ಕ್ಲಾಸು ಎಂದು ಗೊತ್ತಿಲ್ಲದ ಅಪ್ಪಂದಿರು ಸಿ.ಇ.ಒ. ಕುರ್ಚಿಗಳಲ್ಲಿ ತುಂಬಿದ್ದಾರೆ, ಅವರು ಅದನ್ನು ಹೇಳಿಕೊಳ್ಳಬೇಕಾದ ಪ್ರಮೇಯವೇ ಬಂದಿಲ್ಲ. ಹೆಣ್ಣು ಮಾತ್ರ ತನ್ನ ತಾಯ್ತನ ಕೆಲಸಕ್ಕೆ ಅಡ್ಡಬರುವುದಿಲ್ಲ ಎಂದು ಪ್ರತಿ ಮೆಟ್ಟಿಲಲ್ಲೂ ರುಜುವಾತು ಮಾಡುತ್ತಾ ಬರಬೇಕು. ಹೀಗೆ ಬಂದವಳಿಗೆ ಕೆಳಗಿನ ಮೆಟ್ಟಿಲಲ್ಲಿ ನಿಂತು ‘ಆಗುವುದಿಲ್ಲ’ ಎನ್ನುವ ಹುಡುಗಿಯನ್ನು ಕಂಡರೆ, ತಾನು ಕಟ್ಟಿದ ಸುಂಕವನ್ನು ಅವಳು ತಪ್ಪಿಸಿಕೊಳ್ಳುತ್ತಿದ್ದಾಳೆ ಎನ್ನಿಸುತ್ತದೆ.

ಅತ್ತೆಯ ಮಾತು ಬಂದದ್ದೂ ಇಲ್ಲಿಂದಲೇ. ಮೇಲಧಿಕಾರಿ ಹೆಂಗಸಾದರೆ ತಂಡ ಅವಳಿಂದ ಅಕ್ಕರೆಯನ್ನು ನಿರೀಕ್ಷಿಸುತ್ತದೆ: ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಏನು ಎಂದು ವಿಚಾರಿಸಬೇಕು. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರುವುದಿಲ್ಲ, ಬಡ್ತಿಯಲ್ಲಿ ಎಣಿಕೆಗೂ ಬರುವುದಿಲ್ಲ. ಚ್ಯೂ ಆ ಪಾತ್ರವನ್ನು ಒಲ್ಲೆ ಎಂದದ್ದರಲ್ಲಿ ನ್ಯಾಯವಿದೆ. ಆದರೆ ಉದ್ಯೋಗಿ ಕೇಳಿದ್ದು ಅಕ್ಕರೆಯನ್ನಲ್ಲ. ಪ್ರವಾಸ ಎಷ್ಟು ದಿನ, ಬದಲಿ ಯಾರು ಎಂಬುದು ವೇಳಾಪಟ್ಟಿಯ ಪ್ರಶ್ನೆ, ಅದಕ್ಕೆ ಉತ್ತರಿಸುವುದು ಮ್ಯಾನೇಜರನ ಸಂಬಳದ ಕೆಲಸ. ಅದನ್ನು ಸಂಸಾರದ ಗೋಳು ಎಂದು ಹಣೆಪಟ್ಟಿ ಹಚ್ಚಿ ಬದಿಗೆ ತಳ್ಳಿದ್ದೇ ಇಲ್ಲಿನ ತಪ್ಪು ಹೆಜ್ಜೆ.

ಟೀಕಿಸಿದವರೂ ಇಲ್ಲೇ ಎಡವಿದರು. ಕೆಟ್ಟ ಮೇಲಧಿಕಾರಿ ಎಂದವರ ಪಕ್ಕದಲ್ಲೇ ಕೆಟ್ಟ ತಾಯಿ ಎಂದವರೂ ನಿಂತರು. ಮೊದಲನೆಯದಕ್ಕೆ ಆಧಾರವಿತ್ತು, ಎರಡನೆಯದು ಯಾರೂ ಕೇಳಬೇಕಾಗಿಲ್ಲದ ಪ್ರಶ್ನೆ. ಇದೇ ಉದ್ಯಮದಲ್ಲಿ 2019ರ ಏಪ್ರಿಲ್‌ನಲ್ಲಿ ಅಲಿಬಾಬಾದ ಜಾಕ್ ಮಾ ‘996’ ಮಾಡಲು ಸಿಗುವುದೇ ದೊಡ್ಡ ಭಾಗ್ಯ ಎಂದಿದ್ದರು. ಬೈಗುಳ ಅವರಿಗೂ ಬಿತ್ತು. ಆದರೆ ಆ ಮಾತಿಗಾಗಿ ಕುರ್ಚಿ ಹೋಗಲಿಲ್ಲ, ಮಕ್ಕಳ ಹುಟ್ಟುಹಬ್ಬದ ಲೆಕ್ಕವನ್ನೂ ಯಾರೂ ಕೇಳಲಿಲ್ಲ. (ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ಹೇಳಿದ ನಮ್ಮ ಬೆಂಗಳೂರಿನ ನಾರಾಯಣ ಮೂರ್ತಿಯವರು ಆಮೇಲೆ ಇದೇ ‘996’ರ ಉದಾಹರಣೆ ಕೊಟ್ಟದ್ದು ಓದುಗರಿಗೆ ನೆನಪಿರಬಹುದು.)

ಇಷ್ಟು ಕೋಪಕ್ಕೆ ಹಿನ್ನೆಲೆಯೂ ಇತ್ತು. 2020ರ ಡಿಸೆಂಬರ್ 29ರ ನಡುರಾತ್ರಿ ಕಳೆದ ಮೇಲೆ ಪಿಂಡುವೊಡುವೊ ಎಂಬ ಆನ್‌ಲೈನ್ ಮಾರಾಟ ಕಂಪನಿಯ 22ರ ಹುಡುಗಿಯೊಬ್ಬಳು ಉರುಮ್ಚಿಯಲ್ಲಿ ಕೆಲಸ ಮುಗಿಸಿ ಮನೆಗೆ ನಡೆದುಹೋಗುತ್ತಾ ಕುಸಿದು ಸತ್ತಿದ್ದಳು. ಫೋನು 24 ಗಂಟೆ ಚಾಲೂ ಇರಲಿ ಎಂಬ ಮಾತನ್ನು ಜನ ಕೇಳಿದ್ದು ಇದನ್ನು ಮರೆತು ಅಲ್ಲ.

ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ

ಚೀನಾದಲ್ಲಿ ಕಾನೂನೇ ಇಲ್ಲ ಎಂದುಕೊಂಡವರು ತಪ್ಪು ತಿಳಿದಿದ್ದಾರೆ. 2021ರ ಆಗಸ್ಟ್‌ನಲ್ಲಿ ಸರ್ವೋಚ್ಚ ಜನತಾ ನ್ಯಾಯಾಲಯವೂ ಮಾನವ ಸಂಪನ್ಮೂಲ ಸಚಿವಾಲಯವೂ ಸೇರಿ 10 ಮಾದರಿ ಪ್ರಕರಣಗಳನ್ನು ಪ್ರಕಟಿಸಿದವು. ‘996’ ಒಪ್ಪದ್ದಕ್ಕೆ ಕೆಲಸದಿಂದ ತೆಗೆದ ಕೊರಿಯರ್ ಕಂಪನಿ ಉದ್ಯೋಗಿಗೆ 8,000 ಯುವಾನ್ ಪರಿಹಾರ ಕೊಡಬೇಕಾಯಿತು. ಓವರ್‌ಟೈಮ್ ಭತ್ಯೆ ಬೇಡ ಎಂದು ಬರೆಸಿಕೊಂಡ ಒಪ್ಪಂದ ಊರ್ಜಿತವಲ್ಲ ಎಂಬುದೂ ಆ ಪಟ್ಟಿಯಲ್ಲಿದೆ.

ಫೋನಿನ ವಿಷಯಕ್ಕೆ ಇನ್ನೂ ಹತ್ತಿರದ ತೀರ್ಪು ಬೀಜಿಂಗಿನ ಮೂರನೇ ಮಧ್ಯಮ ದರ್ಜೆಯ ಜನತಾ ನ್ಯಾಯಾಲಯದ್ದು. ರಜೆಯಲ್ಲೂ ರಾತ್ರಿಯಲ್ಲೂ ವೀಚಾಟ್ ಎಂಬ ಸಂದೇಶ ಆ್ಯಪ್‌ನಲ್ಲಿ ಕೆಲಸ ಮಾಡಿದ ಉದ್ಯೋಗಿಗೆ ನ್ಯಾಯಾಲಯ 30,000 ಯುವಾನ್ ಕೊಡಿಸಿತು. 2024ರ ಮಾರ್ಚ್‌ನಲ್ಲಿ, ಬೈದು ಗಲಾಟೆಗೆ ಎರಡು ತಿಂಗಳ ಮುಂಚೆ, ಇದು ಸರ್ವೋಚ್ಚ ನ್ಯಾಯಾಲಯದ ಕಾರ್ಯವರದಿಯಲ್ಲೂ ಉಲ್ಲೇಖಗೊಂಡಿತು. ನ್ಯಾಯಾಲಯ ನೋಡಿದ್ದು ಆ ಚಾಟು ಬರಿಯ ವಿಚಾರಣೆಯೋ ಅಥವಾ ನಿಜವಾದ ಕೆಲಸವೋ, ವಿಶ್ರಾಂತಿಯ ಹೊತ್ತನ್ನು ಗಣನೀಯವಾಗಿ ತಿಂದಿತೋ, ಅಪರೂಪಕ್ಕೊಮ್ಮೆ ಬಂದದ್ದೋ ಅಥವಾ ಪಾಳಿಯಂತೆ ನಿಯಮಿತವೋ ಎಂಬುದನ್ನು. ಒಮ್ಮೆ ‘ಸರಿ’ ಎಂದು ಉತ್ತರಿಸಿದ್ದಕ್ಕೆ ಏನೂ ಸಿಗುವುದಿಲ್ಲ. ಪ್ರತಿ ಶನಿವಾರ ಪಾಳಿ ಹಾಕಿ ಗ್ರಾಹಕರ ಗುಂಪನ್ನು ನೋಡಿಕೊಳ್ಳಲು ಹೇಳಿದರೆ ಸಿಗುತ್ತದೆ.

ಸೋಲುವುದು ಬಹುಪಾಲು ಸಾಕ್ಷ್ಯದಲ್ಲಿ. ಸ್ಕ್ರೀನ್‌ಶಾಟು ಮಾತ್ರ ಇಟ್ಟುಕೊಂಡು ಹಳೆಯ ಫೋನು ಮಾರಿಬಿಟ್ಟರೆ ಎದುರಿನವರು ತಿದ್ದಿದ್ದು ಎನ್ನುತ್ತಾರೆ. ಮೂಲ ಚಾಟು ಇರುವ ಫೋನು ಉಳಿಸಿಕೊಳ್ಳಬೇಕು. ಕಂಪನಿಯ ಆ್ಯಪ್‌ನಲ್ಲಿರುವ ದಾಖಲೆ ರಾಜೀನಾಮೆಯ ದಿನವೇ ಕೈತಪ್ಪುತ್ತದೆ, ಹಾಗಾಗಿ ಪ್ರತಿ ತಿಂಗಳ ಕೊನೆಗೆ ದಿನಾಂಕ, ಆರಂಭ, ಮುಕ್ತಾಯ, ಹೇಳಿದವರು ಯಾರು, ಏನು ಮಾಡಿ ಕಳಿಸಿದ್ದು ಎಂಬ ಐದು ಕಾಲಮ್ಮಿನ ಪಟ್ಟಿ ಬರೆದಿಡುವುದು ರೂಢಿಯಾಗಬೇಕು. ಮೊದಲು ಹೋಗಬೇಕಾದ್ದು ಕಾರ್ಮಿಕ ಪಂಚಾಯಿತಿ ಮಂಡಳಿಗೆ, ನೇರ ಕೋರ್ಟಿಗಲ್ಲ. ಶುಲ್ಕವಿಲ್ಲ, ಅರ್ಜಿ ಸ್ವೀಕರಿಸಿದ 45 ದಿನದಲ್ಲಿ ತೀರ್ಮಾನವಾಗಬೇಕು, ಜಟಿಲವಾದರೆ ಇನ್ನು 15 ದಿನ. ಕೆಲಸ ಬಿಟ್ಟ ಮೇಲೆ ಬಾಕಿ ಸಂಬಳಕ್ಕೆ ಅರ್ಜಿ ಹಾಕಲು ಒಂದು ವರ್ಷದ ಗಡುವು. ಸಲಹೆಗೆ ಫೋನು 12333, ಹೆಂಗಸರಿಗೆ ಮಹಿಳಾ ಒಕ್ಕೂಟದ 12338.

ಕಂಪನಿಗಳ ಎದುರುವಾದ ಸಾಮಾನ್ಯವಾಗಿ ಒಂದೇ: ಇವರದು ಗೊತ್ತಾದ ವೇಳೆಯಿಲ್ಲದ ಹುದ್ದೆ, ಓವರ್‌ಟೈಮ್ ಅನ್ವಯಿಸದು. ಅಂಥ ಪದ್ಧತಿಗೆ ಕಾರ್ಮಿಕ ಇಲಾಖೆಯ ಮಂಜೂರಾತಿ ಬೇಕು, ಕರಾರಿನಲ್ಲಿ ಒಂದು ಸಾಲು ಬರೆದರೆ ಸಾಲದು. ಬೀಜಿಂಗಿನಲ್ಲಿ ಹಿರಿಯ ಆಡಳಿತಗಾರರಿಗೆ ಮಾತ್ರ ಈ ಮಂಜೂರಾತಿಯಿಂದ ವಿನಾಯಿತಿ. ಅಂದರೆ ಚ್ಯೂ ಅವರಂಥ ದರ್ಜೆಯವರ ರಾತ್ರಿಗಳಿಗೆ ಲೆಕ್ಕವೂ ಇಲ್ಲ, ಮಿತಿಯೂ ಇಲ್ಲ. ಮಿತಿಯಿಲ್ಲದವರು ಮಿತಿ ಇರುವವರಿಗೆ ಪಾಳಿ ಹಾಕುತ್ತಾರೆ.

ಪ್ರವಾಸದ ವಿಷಯದಲ್ಲಿ ಕಾನೂನು ಹೆಚ್ಚು ಮಾತಾಡುವುದಿಲ್ಲ. ಬಸುರಿಗೆ, ಬಾಣಂತಿಗೆ, ಹಾಲೂಡಿಸುವ ತಾಯಿಗೆ ರಕ್ಷಣೆ ಗಟ್ಟಿಯಾಗಿದೆ: ರಾಷ್ಟ್ರಮಟ್ಟದಲ್ಲಿ 98 ದಿನ ಹೆರಿಗೆ ರಜೆ, ಬೀಜಿಂಗಿನಲ್ಲಿ 158, ಏಳು ತಿಂಗಳು ತುಂಬಿದ ಮೇಲೆ ಓವರ್‌ಟೈಮ್ ಮತ್ತು ರಾತ್ರಿಪಾಳಿ ಇಲ್ಲ, ಮಗುವಿಗೆ ಒಂದು ವರ್ಷವಾಗುವವರೆಗೆ ದಿನಕ್ಕೊಂದು ಗಂಟೆ ಹಾಲೂಡಿಸುವ ಬಿಡುವು. ಮೂರು ವರ್ಷದವರೆಗೆ ಬೀಜಿಂಗಿನಲ್ಲಿ ಅಪ್ಪನಿಗೂ ಅಮ್ಮನಿಗೂ ವರ್ಷಕ್ಕೆ ತಲಾ 5 ದಿನ ರಜೆ. ಮಗು ನಾಲ್ಕಕ್ಕೆ ಕಾಲಿಟ್ಟ ಮೇಲೆ ಕಾನೂನಿನ ಕಣ್ಣಿಗೆ ಅವಳು ಬರೀ ಉದ್ಯೋಗಿ, ಪ್ರವಾಸ ಹುದ್ದೆಯ ಭಾಗವಾಗಿದ್ದರೆ ಹೋಗಲೇಬೇಕು. ಇನ್ನೊಂದು ತೊಡಕು: ಅಪ್ಪನಿಗೆ ಹೆರಿಗೆ ಹೊತ್ತಿನಲ್ಲಿ ಸಿಗುವುದು ಬೀಜಿಂಗಿನಲ್ಲಿ 15 ದಿನ. 158 ಮತ್ತು 15ರ ನಡುವಿನ ಅಂತರವನ್ನು ನೋಡಿದ ಯಾವ ಮಾಲೀಕನೂ ಮದುವೆಯಾದ ಮೂವತ್ತರ ಹೆಣ್ಣನ್ನು ಸೇರಿಸಿಕೊಳ್ಳುವ ಮುನ್ನ ಎಣಿಸುತ್ತಾನೆ. ಸಂದರ್ಶನದಲ್ಲಿ ಮದುವೆ, ಮಕ್ಕಳ ಬಗ್ಗೆ ಕೇಳಬಾರದೆಂದು 2019ರ ಫೆಬ್ರವರಿಯಲ್ಲಿ ಒಂಬತ್ತು ಇಲಾಖೆಗಳು ಸೇರಿ ಆದೇಶ ಹೊರಡಿಸಿವೆ. ತಾರತಮ್ಯದ ಜಾಹೀರಾತನ್ನು ತಿದ್ದದಿದ್ದರೆ 10,000ದಿಂದ 50,000 ಯುವಾನ್ ದಂಡ. 2023ರ ಜನವರಿ 1ರಿಂದ ಜಾರಿಯಾದ ಪರಿಷ್ಕೃತ ಮಹಿಳಾ ಹಕ್ಕು ಕಾನೂನಿನಲ್ಲೂ ಈ ನಿಷೇಧ ಸೇರಿದೆ. ಬಾಯಲ್ಲಿ ಕೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ನಡೆದೇ ಇರುತ್ತದೆ.

ಅದೇ ಪ್ರವಾಸವನ್ನು ಬೇರೆ ರೀತಿ ಹಾಕಿದ್ದರೆ

ಐವತ್ತು ದಿನದ ಕೆಲಸ ನಿಜಕ್ಕೂ ಬೇಕಿತ್ತು ಎಂದಿಟ್ಟುಕೊಳ್ಳೋಣ. ನಾಲ್ವರಿಗೆ ತಲಾ 14 ದಿನ ಹಂಚಿದರೆ 56 ದಿನ. ಮೂರು ಬದಲಾವಣೆಗೆ ಎರಡೆರಡು ದಿನ ಇಬ್ಬರೂ ಒಟ್ಟಿಗಿದ್ದು ಕೆಲಸ ಒಪ್ಪಿಸಿದರೆ 6 ದಿನ ಅದಕ್ಕೇ ಸರಿ, 50 ದಿನವೂ ತುಂಬಿತು. ಹೆಚ್ಚುವರಿ ಖರ್ಚು ಮೂರು ಜೊತೆ ಟಿಕೆಟು ಮತ್ತು 6 ದಿನದ ಭತ್ಯೆ. ಕ್ವಾರಂಟೈನ್ ಇದ್ದರೆ ಲೆಕ್ಕ ಕೆಡುತ್ತದೆ, ಆಗ ತಲಾ 25 ದಿನ ಇಬ್ಬರಿಗೆ. ಆ ಊರಲ್ಲೇ ಇರುವವರು ಅರ್ಧ ಕೆಲಸ ಮಾಡಬಲ್ಲರೇ ಎಂಬುದನ್ನು ಇದಕ್ಕೂ ಮೊದಲು ಕೇಳಬೇಕು.

ಪಟ್ಟಿಯಲ್ಲಿ ಗಂಡಸರೂ ಅಪ್ಪಂದಿರೂ ಅದೇ ಸರದಿಯಲ್ಲಿ ಇರಬೇಕು. ತಾಯಂದಿರನ್ನು ಕೈಬಿಟ್ಟು ಹುಡುಗರನ್ನಷ್ಟೇ ಕಳಿಸಿದರೆ ಮುಂದಿನ ಬಡ್ತಿಯಲ್ಲಿ ‘ಫೀಲ್ಡ್ ಅನುಭವ’ ಹುಡುಗರ ಹೆಸರಿಗೆ ಬೀಳುತ್ತದೆ, ಉಪಕಾರವೇ ಉರುಳಾಗುತ್ತದೆ. 50 ದಿನದಲ್ಲಿ ಸುಮಾರು 14 ವಾರಾಂತ್ಯದ ದಿನಗಳು ಬರುತ್ತವೆ. ಅವುಗಳಲ್ಲಿ ದುಡಿಸಿದರೆ ಬದಲಿ ರಜೆ ಅಥವಾ ಎರಡು ಪಟ್ಟು ಸಂಬಳ ಕಡ್ಡಾಯ. ವಾರದ ದಿನಗಳ ಓವರ್‌ಟೈಮಿಗೆ ಒಂದೂವರೆ ಪಟ್ಟು, ರಾಷ್ಟ್ರೀಯ ಹಬ್ಬದ ದಿನಕ್ಕೆ ಮೂರು ಪಟ್ಟು, ಇವೆರಡಕ್ಕೆ ಬದಲಿ ರಜೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಫೋನಿಗೂ ಇದೇ ಮಾತು. ಸಂಪರ್ಕ ವಿಭಾಗಕ್ಕೆ ರಾತ್ರಿ ತುರ್ತು ಬರುವುದು ಸುಳ್ಳಲ್ಲ. ಆರು ಜನರ ತಂಡದಲ್ಲಿ ವಾರಕ್ಕೊಬ್ಬರ ಪಾಳಿಯಾದರೆ ಆರು ವಾರಕ್ಕೊಮ್ಮೆ ಸರದಿ. ತುರ್ತು ಎಂದರೇನು ಎಂದು ಮೊದಲೇ ಬರೆದಿಡಬೇಕು, ಉಳಿದ ಐವರ ಫೋನು ಮಲಗಿರಬೇಕು. ಇದು ಕೆಡುವುದು ಬಹುತೇಕ ಒಂದೇ ಕಡೆ: ಮುಖ್ಯಸ್ಥರು ಪಾಳಿಯವರನ್ನು ಬಿಟ್ಟು ತಮಗೆ ನಂಬಿಕೆಯ ಒಬ್ಬಳಿಗೆ ಫೋನು ಮಾಡುತ್ತಾರೆ. ಆರು ತಿಂಗಳಲ್ಲಿ ಬಳಲಿ ಬೀಳುವವಳು ಅವಳೇ.

ಇದೆಲ್ಲ ಚೀನಾದಲ್ಲಿ ನಡೆಯುವ ಮಾತಲ್ಲ ಎನ್ನುವವರಿಗೆ ಶಾಂಘೈನ ಪ್ರವಾಸ ಬುಕಿಂಗ್ ಕಂಪನಿ ಟ್ರಿಪ್.ಕಾಮ್ ಉತ್ತರ. 2021–22ರಲ್ಲಿ ಅಲ್ಲಿ 1,612 ಉದ್ಯೋಗಿಗಳ ಮೇಲೆ ಆರು ತಿಂಗಳ ಪ್ರಯೋಗ ನಡೆಯಿತು. ಅರ್ಧದಷ್ಟು ಜನ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡಬಹುದಿತ್ತು. ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು, ಕಾರ್ಯಕ್ಷಮತೆಯ ಅಂಕ ಬೀಳಲಿಲ್ಲ. ಲಾಭ ಹೆಚ್ಚು ಕಂಡದ್ದು ಹೆಂಗಸರಲ್ಲಿ, ದೂರದಿಂದ ಬರುವವರಲ್ಲಿ ಮತ್ತು ಮ್ಯಾನೇಜರ್ ಅಲ್ಲದವರಲ್ಲಿ. ಪ್ರಯೋಗಕ್ಕೆ ಮುನ್ನ ಉತ್ಪಾದಕತೆ ಕುಸಿಯುತ್ತದೆ ಎಂದಿದ್ದ ಮ್ಯಾನೇಜರುಗಳು ಮುಗಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು. ಇದೇ ಕಂಪನಿ 2023ರಲ್ಲಿ, ಮೂರು ವರ್ಷ ಸೇವೆ ಮುಗಿಸಿದವರಿಗೆ, ಹುಟ್ಟುವ ಪ್ರತಿ ಮಗುವಿಗೆ ವರ್ಷಕ್ಕೆ 10,000ದಂತೆ ಐದು ವರ್ಷ 50,000 ಯುವಾನ್ ಕೊಡುವ ಯೋಜನೆ ತಂದಿತು. ನಮಗೆ ಕೇಳಿದರೆ ದುಡ್ಡಿಗಿಂತ ಆ ಎರಡು ದಿನಗಳೇ ಹೆಚ್ಚು ಬೆಲೆಯುಳ್ಳವು. ದುಡ್ಡು ಖರ್ಚಾಗಿ ಹೋಗುತ್ತದೆ, ಬುಧವಾರ ಅಪ್ಪನನ್ನೂ ಮನೆಯಲ್ಲಿ ಇರಿಸುತ್ತದೆ.

ಬೈದು ಪ್ರಕರಣ ಮುಚ್ಚಿದ್ದು ಒಬ್ಬರ ನಿರ್ಗಮನದಿಂದ. ಕ್ಷಮಾಪಣೆಯಲ್ಲಿ ಚ್ಯೂ, ವಿಡಿಯೊ ಹಾಕುವ ಮೊದಲು ಕಂಪನಿಯನ್ನು ಕೇಳಿರಲಿಲ್ಲ, ಅದು ಕಂಪನಿಯ ನಿಲುವಲ್ಲ ಎಂದರು. ಹಾಗಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಮರುದಿನವೇ ಮಾಡಬಹುದಾದ ಕೆಲಸಗಳಿದ್ದವು: ಆ ತಂಡದ ಹಿಂದಿನ ಮೂರು ವರ್ಷದ ಪ್ರವಾಸ ದಿನಗಳನ್ನು ಹೆಸರುವಾರು ತೆಗೆಯುವುದು, ರಾಜೀನಾಮೆ ಕೊಟ್ಟವರಲ್ಲಿ ಪ್ರವಾಸ ನಿರಾಕರಿಸಿದವರೆಷ್ಟು ನೋಡುವುದು, ರಾತ್ರಿ ಹತ್ತರ ನಂತರದ ಸಂದೇಶಗಳು ಯಾರಿಂದ ಯಾರಿಗೆ ಹೋಗಿವೆ ಎಂದು ಎಣಿಸುವುದು, ಬಿಟ್ಟುಹೋದವರ ಬಗ್ಗೆ ಹೊರಗಿನಿಂದ ವಿಚಾರಣೆ ಬಂದರೆ ಉತ್ತರ ಮುಖ್ಯಸ್ಥರಿಂದ ಹೋಗದೆ ವಿಭಾಗದಿಂದಲೇ, ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನೇ ಹೇಳಿ ಹೋಗುವಂತೆ ಮಾಡುವುದು. ಮೂರನೆಯ ಮಾತಿನ, ಅಂದರೆ ಎಲ್ಲೂ ಕೆಲಸ ಸಿಗದಂತೆ ಮಾಡುವ ಬೆದರಿಕೆಗೆ ಹಲ್ಲಿರುವುದು ಆ ಉತ್ತರ ಮುಖ್ಯಸ್ಥರ ಕೈಯಲ್ಲಿರುವ ತನಕ ಮಾತ್ರ.